ಹಿರಿಯರ ರಕ್ತಪರೀಕ್ಷೆಯ ಚೀಟಿಯನ್ನು ಓದುವ ಬಗೆ



ತೋಟಕ್ಕೆ ಗೊಬ್ಬರ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿರೆಂದು ನಿಮ್ಮಲ್ಲಿಗೆ ಬಂದಾಗಲೆಲ್ಲ ಹೇಳುತ್ತಿರುತ್ತೇನೆ. ಚೀಟಿ ಬಂದ ಮೇಲೆ ಜಗಲಿಯ ಮೇಲೆ ಕುಳಿತು ಅದರ ಅಂಕಿಗಳನ್ನು ಒಟ್ಟಿಗೆ ಓದುತ್ತೇವೆ. ಈ ಸಲ ಇನ್ನೊಂದು ಬಗೆಯ ಚೀಟಿಯನ್ನು ಓದುವ ಪಾಠವನ್ನು ಬರೆಯುತ್ತಿದ್ದೇನೆ. ಸಕ್ಕರೆ ಕಾಯಿಲೆ ಇರುವ ನಿಮ್ಮ ತಂದೆ, ತಾಯಿ, ತಾತ, ಅಜ್ಜಿಯರ ರಕ್ತಪರೀಕ್ಷೆಯ ಚೀಟಿಯೇ ಅದು.

ಸಕ್ಕರೆ ಕಾಯಿಲೆ ಪಟ್ಟಣದವರ ಕಾಯಿಲೆ ಎಂಬ ಮಾತು ಹಿಂದೆ ಇತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ಹಳ್ಳಿಗಳಲ್ಲಿಯೇ ವಯಸ್ಕರಲ್ಲಿ ನೂರಕ್ಕೆ ಸುಮಾರು 9 ಮಂದಿಗೆ ಇದೆ. ಹೀಗಿರುವಲ್ಲಿ ಈ ಚೀಟಿ ಒಂದಲ್ಲ ಒಂದು ದಿನ ನಿಮ್ಮ ಮನೆಗೂ ಬರುವುದು.

ನಾನು ವೈದ್ಯನಲ್ಲ, ಕೃಷಿ ಡಿಪ್ಲೊಮಾ ಓದಿದವನು. ಈ ಪಾಠವನ್ನು ನಾನು ಕಲಿತದ್ದು ನಮ್ಮ ಮನೆಯಲ್ಲಿ ನಾನೇ ಮಾಡಿದ ತಪ್ಪಿನಿಂದ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಾನು ಮಾಡಿದ ತಪ್ಪು

ಎರಡು ವರ್ಷದ ಹಿಂದೆ ನಮ್ಮ ತಾತನವರಿಗೆ 76 ವಯಸ್ಸು. ಸಕ್ಕರೆ ಕಾಯಿಲೆ ಹತ್ತು ಹನ್ನೆರಡು ವರ್ಷದಿಂದ ಇತ್ತು. ಒಂದು ದಿನ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ರಕ್ತ ಕೊಡಿಸಿಕೊಂಡು ಬಂದೆ. ಸಂಜೆ ಚೀಟಿ ಬಂತು. ಮೊದಲ ಸಾಲಿನಲ್ಲಿಯೇ 198 ಎಂದು ದಪ್ಪ ಅಕ್ಷರದಲ್ಲಿ ಇತ್ತು. ನೂರರ ಆಸುಪಾಸಿನಲ್ಲಿ ಇರಬೇಕಾದದ್ದು ಇನ್ನೂರಕ್ಕೆ ಬಂದಿದೆಯಲ್ಲ ಎಂದು ಗಾಬರಿಯಾಯಿತು. ಮಣ್ಣಿನಲ್ಲಿ ಸಾರಜನಕ ಕಡಿಮೆಯಾದರೆ ಯೂರಿಯಾ ಹೆಚ್ಚಿಸುವಂತೆ, ಯಾರನ್ನೂ ಕೇಳದೆ ಆ ರಾತ್ರಿ ಸಕ್ಕರೆ ಇಳಿಸುವ ಮಾತ್ರೆಯನ್ನು ಒಂದರ ಬದಲು ಎರಡು ಕೊಟ್ಟೆ. ತಾತನವರು ಹಸಿವಿಲ್ಲವೆಂದು ಅರ್ಧ ಮುದ್ದೆ ಮಾತ್ರ ಉಂಡು ಮಲಗಿದರು.

ಬೆಳಗಿನ ಜಾವ ಮೂರರ ಹೊತ್ತಿಗೆ ಎದ್ದು ಕುಳಿತು ತೀರಿಹೋದ ನಮ್ಮ ಅಜ್ಜಿಯನ್ನು ಕೂಗತೊಡಗಿದರು. ಮೈಯೆಲ್ಲ ತಣ್ಣನೆಯ ಬೆವರು, ಕೈ ನಡುಕ. ನೆರೆಯವರು ಗಾಳಿ ಸೋಕಿದೆ ಎಂದರು. ಎದುರು ಮನೆಯ ಅತ್ತೆಯವರಿಗೂ ಇದೇ ಕಾಯಿಲೆ. ಅವರು ಬಂದು ನೋಡಿ, "ಸಕ್ಕರೆ ಇಳಿದಿದೆ ಕಣಪ್ಪ, ಮೊದಲು ಸಕ್ಕರೆ ನೀರು ಕುಡಿಸು" ಎಂದರು. ನುಂಗುವಷ್ಟು ಎಚ್ಚರವಿದ್ದುದರಿಂದ ಕುಡಿದರು. ಆಸ್ಪತ್ರೆಗೆ ಹೋದಾಗಲೂ ಸಕ್ಕರೆ 58 ಮಾತ್ರ ಇತ್ತು. ಮರುದಿನ ಸಂಜೆಯವರೆಗೆ ಅಲ್ಲಿಯೇ ಇರಿಸಿಕೊಂಡರು.

ವೈದ್ಯರು ಅದೇ ಚೀಟಿಯನ್ನು ತರಿಸಿ ನನ್ನ ಮುಂದೆ ಹರಡಿದರು. ಮೂರು ತಿಂಗಳ ಸಕ್ಕರೆಯ ಲೆಕ್ಕ 7.2 ಇತ್ತು. ಆ ವಯಸ್ಸಿಗೆ ಅದು ಒಳ್ಳೆಯ ಅಂಕಿ. ಅದರ ಕೆಳಗೆ ಮೂತ್ರಪಿಂಡದ ಕ್ರಿಯಾಟಿನಿನ್ 1.6 ಇತ್ತು. ಅದು ಎಚ್ಚರಿಕೆಯ ಅಂಕಿ. ಹಿಂದಿನ ರಾತ್ರಿ ಏನು ಉಂಡಿದ್ದರೆಂದು ವೈದ್ಯರು ಕೇಳಿದಾಗ ನೆನಪಾಯಿತು: ಬೀಗರ ಊಟಕ್ಕೆ ಹೋಗಿ ತಡರಾತ್ರಿ ಬಂದಿದ್ದರು. ನಾನು ಒಂದು ಸಾಲನ್ನು ಓದಿ ಉಳಿದ ಎರಡನ್ನು ಬಿಟ್ಟಿದ್ದೆ. ತಾತನವರು ಉಳಿದದ್ದು ಎದುರು ಮನೆಯ ಅತ್ತೆಯವರ ಪುಣ್ಯ.

ಆದುದರಿಂದ ಈ ಪಾಠದ ಸಾರ ಇಷ್ಟೇ: ಒಂದೇ ಅಂಕಿಯನ್ನು ನೋಡಿ ತೀರ್ಮಾನಿಸಬಾರದು; ವಯಸ್ಸಾದವರಲ್ಲಿ ಸಕ್ಕರೆ ಏರುವುದಕ್ಕಿಂತ ಇಳಿಯುವುದು ಬೇಗ ಪ್ರಾಣಕ್ಕೆ ಬರುವುದು; ಮಾತ್ರೆಯನ್ನು ಏರಿಸುವುದೂ ಇಳಿಸುವುದೂ ವೈದ್ಯರ ಕೆಲಸ.

1. ರಕ್ತ ಕೊಡುವ ಕ್ರಮ

ಗೊಬ್ಬರದ ಗುಂಡಿಯ ಪಕ್ಕದಲ್ಲಿ, ಬದುವಿನ ಮೇಲೆ ಮಣ್ಣಿನ ಮಾದರಿ ತೆಗೆಯಬಾರದೆಂದು ನಿಮಗೆ ಗೊತ್ತು. ತೆಗೆದರೆ ಚೀಟಿ ಸುಳ್ಳು ಹೇಳುವುದು. ರಕ್ತದ ಮಾದರಿಗೂ ಹೀಗೆಯೇ ಕ್ರಮ ಉಂಟು.

ಬರಿ ಹೊಟ್ಟೆಯ ಪರೀಕ್ಷೆಗೆ ಹಿಂದಿನ ರಾತ್ರಿಯ ಊಟದಿಂದ 8ರಿಂದ 10 ಗಂಟೆ ಕಳೆದಿರಬೇಕು. ನೀರು ಕುಡಿಯಬಹುದು, ಕಾಫಿ, ಟೀ ಕೂಡದು. ಸಕ್ಕರೆ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ಬರಿ ಹೊಟ್ಟೆಯಲ್ಲಿ ತೆಗೆದುಕೊಂಡು ಬಸ್ಸು ಹತ್ತಿಸಬೇಡಿ. ದಾರಿಯಲ್ಲಿ ಸಕ್ಕರೆ ಇಳಿದು ಬೀಳುವವರು ಉಂಟು. ಮಾತ್ರೆಯನ್ನೂ ತಿಂಡಿಯನ್ನೂ ಜೊತೆಯಲ್ಲಿ ಒಯ್ದು, ರಕ್ತ ಕೊಟ್ಟ ಕೂಡಲೇ ಕೊಡಿ. ಊಟದ ನಂತರದ ಪರೀಕ್ಷೆಗೆ ಮೊದಲ ತುತ್ತಿನಿಂದ ಎರಡು ಗಂಟೆ ಎಣಿಸತಕ್ಕದ್ದು. ಆ ದಿನ ಎಂದಿನ ಊಟ, ಎಂದಿನ ಮಾತ್ರೆ ಇರಲಿ. ಪರೀಕ್ಷೆಯ ದಿನ ಮಾತ್ರ ಪಥ್ಯ ಮಾಡಿದರೆ ಮೋಸಹೋಗುವವರು ನಾವೇ.

ಜ್ವರ, ಕಾಲಿನ ಹುಣ್ಣು, ನಿದ್ರೆಗೇಡು, ಮಂಡಿನೋವಿಗೆ ಹಾಕಿಸಿಕೊಂಡ ಸ್ಟೀರಾಯ್ಡ್ ಸೂಜಿಮದ್ದು, ಇವುಗಳಿಂದಲೂ ಸಕ್ಕರೆ ಏರುವುದು. ಇವುಗಳಲ್ಲಿ ಯಾವುದಾದರೂ ಇದ್ದರೆ ವೈದ್ಯರಿಗೆ ತಪ್ಪದೆ ಹೇಳಿ.

2. ಆ ದಿನದ ಸಕ್ಕರೆ

ಚೀಟಿಯಲ್ಲಿ ಬರಿ ಹೊಟ್ಟೆಯದು, ಊಟದ ನಂತರದ್ದು ಎಂದು ಎರಡು ಅಂಕಿಗಳಿರುತ್ತವೆ. 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಸಕ್ಕರೆ ಇದೆ ಎಂಬುದೇ ಈ ಲೆಕ್ಕ. ಕಾಯಿಲೆ ಇಲ್ಲದವರಲ್ಲಿ ಬರಿ ಹೊಟ್ಟೆಯ ಸಕ್ಕರೆ 100ಕ್ಕಿಂತ ಕಡಿಮೆ ಇರುವುದು. 126 ಅಥವಾ ಹೆಚ್ಚು ಬಂದು, ಮತ್ತೊಮ್ಮೆ ಪರೀಕ್ಷಿಸಿದಾಗಲೂ ಹಾಗೆಯೇ ಇದ್ದರೆ ಸಕ್ಕರೆ ಕಾಯಿಲೆ ಎನ್ನುತ್ತಾರೆ.

ಇಲ್ಲಿ ಒಂದು ಮಾತನ್ನು ಗಮನಿಸಿ. ಚೀಟಿಯ ಬಲಗಡೆ ಅಚ್ಚಾಗಿರುವ "ಸರಿಯಾದ ಮಟ್ಟ" ಆರೋಗ್ಯವಂತರಿಗೆ ಹೇಳಿದ್ದು. ಮಾತ್ರೆ ತೆಗೆದುಕೊಳ್ಳುತ್ತಿರುವ ಹಿರಿಯರಿಗೆ ಅದೇ ಗುರಿಯಲ್ಲ. ಗಟ್ಟಿಮುಟ್ಟಾಗಿ ತೋಟಕ್ಕೆ ಹೋಗಿ ಬರುವ ಹಿರಿಯರಿಗೆ ಬರಿ ಹೊಟ್ಟೆಯ ಸಕ್ಕರೆ 80ರಿಂದ 130ರೊಳಗೆ ಇದ್ದರೆ ಸಾಕು. ಹೃದಯ, ಮೂತ್ರಪಿಂಡ ಮುಂತಾದ ಬೇರೆ ಕಾಯಿಲೆಗಳೂ ಇರುವವರಿಗೆ 90ರಿಂದ 150ರವರೆಗೆ ಒಪ್ಪುತ್ತಾರೆ. ಹಾಸಿಗೆ ಹಿಡಿದವರಿಗೆ 180ರವರೆಗೂ ಬಿಡುವುದುಂಟು. ಅಂಕಿಯ ಪಕ್ಕದಲ್ಲಿ ನಕ್ಷತ್ರವೋ ದಪ್ಪ ಅಕ್ಷರವೋ ಕಂಡ ಮಾತ್ರಕ್ಕೆ ಹೆದರಬೇಕಾಗಿಲ್ಲ.

3. ಮೂರು ತಿಂಗಳ ಲೆಕ್ಕ

ಎಚ್‌ಬಿಎ1ಸಿ ಎಂಬ ಸಾಲು ಇದಕ್ಕೆ ಸೇರಿದ್ದು. ಇದನ್ನು ಹೇಗೆ ತಿಳಿಯಬೇಕೆಂದರೆ, ಅಟ್ಟದ ಮೇಲೆ ಉಂಡೆ ಕೊಬ್ಬರಿಗಾಗಿ ಕಾಯಿ ತುಂಬಿ ಕೆಳಗೆ ಹೊಗೆ ಹಾಕುವ ಮನೆಯ ತೊಲೆಗಳನ್ನು ನೆನೆದುಕೊಳ್ಳಿ. ತೊಲೆಗೆ ಹಿಡಿದ ಮಸಿ ಈ ದಿನದ ಹೊಗೆಯದಲ್ಲ, ಎಷ್ಟೋ ದಿನಗಳದು. ಹಾಗೆಯೇ ರಕ್ತದಲ್ಲಿನ ಸಕ್ಕರೆ ಕೆಂಪು ಕಣಗಳ ಹಿಮೋಗ್ಲೋಬಿನ್‌ಗೆ ಸ್ವಲ್ಪ ಸ್ವಲ್ಪವಾಗಿ ಅಂಟುತ್ತ ಹೋಗುವುದು. ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಆದುದರಿಂದ ಈ ಪರೀಕ್ಷೆ ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವುದು. ಒಂದು ದಿನದ ಬೀಗರ ಊಟ ಇದನ್ನು ಕೆಡಿಸಲಾರದು. ಒಂದು ದಿನದ ಪಥ್ಯ ಇದನ್ನು ಮುಚ್ಚಿಡಲಾರದು.

ಇದು 6 ಇದ್ದರೆ ಸರಾಸರಿ ಸಕ್ಕರೆ ಸುಮಾರು 126 ಎಂದು ತಿಳಿಯಿರಿ. 7 ಎಂದರೆ 154, 8 ಎಂದರೆ 183, 9 ಎಂದರೆ 212. ಗಟ್ಟಿಮುಟ್ಟಾದ ಹಿರಿಯರಿಗೆ 7ರಿಂದ 7.5ರೊಳಗೆ ಇರುವುದು ಒಳ್ಳೆಯದು. ಬೇರೆ ಕಾಯಿಲೆಗಳಿಂದ ಸೊರಗಿದವರಿಗೆ 8ರೊಳಗೆ ಇದ್ದರೆ ಸಾಕು. ಸಕ್ಕರೆ ಇಳಿಸುವ ಮಾತ್ರೆಯ ಬಲದಿಂದ 80 ವರ್ಷದವರ ಅಂಕಿ 6ಕ್ಕೆ ಬಂದಿದ್ದರೆ ಸಂತೋಷಪಡುವ ಬದಲು ವೈದ್ಯರಿಗೆ ತೋರಿಸಿ. ಸಕ್ಕರೆ ಆಗಾಗ್ಗೆ ಕಾಣದಂತೆ ಇಳಿಯುತ್ತಿರಬಹುದು.

ಇದರ ಜೊತೆಗೆ ಹಿಮೋಗ್ಲೋಬಿನ್ ಸಾಲನ್ನೂ ನೋಡಬೇಕು. ಅದು ಗಂಡಸರಲ್ಲಿ 13, ಹೆಂಗಸರಲ್ಲಿ 12 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಕಬ್ಬಿಣದ ಅಂಶ ಸಾಲದ ರಕ್ತಹೀನತೆಯಲ್ಲಿ ಮೂರು ತಿಂಗಳ ಲೆಕ್ಕ ಇದ್ದುದಕ್ಕಿಂತ ಹೆಚ್ಚು ತೋರುವುದು. ರಕ್ತ ಹೆಚ್ಚು ಹೋಗಿದ್ದರೆ ಅಥವಾ ಹೊಸ ರಕ್ತ ಕೊಡಿಸಿದ್ದರೆ ಕಡಿಮೆ ತೋರುವುದು. ತೊಲೆ ಬದಲಾಯಿಸಿದ ಮನೆಯಲ್ಲಿ ಮಸಿಯನ್ನು ನೋಡಿ ಹೊಗೆಯನ್ನು ಅಳೆಯಲಾಗದು.

4. ಮೂತ್ರಪಿಂಡದ ಅಂಕಿ

ಚೀಟಿಯಲ್ಲಿ ಜನ ಹೆಚ್ಚಾಗಿ ಬಿಟ್ಟುಬಿಡುವ ಸಾಲು ಇದು. ನಾನು ಬಿಟ್ಟದ್ದೂ ಇದನ್ನೇ. ಕ್ರಿಯಾಟಿನಿನ್ ಎಂಬುದು ಸ್ನಾಯುಗಳಿಂದ ಬರುವ ಕಲ್ಮಶ. ಮೂತ್ರಪಿಂಡಗಳು ಅದನ್ನು ಸೋಸಿ ಹೊರಗೆ ಹಾಕುತ್ತವೆ. ಸೋಸುವ ಶಕ್ತಿ ಕುಂದಿದಂತೆ ರಕ್ತದಲ್ಲಿ ಅದು ಏರುವುದು. ಸಾಮಾನ್ಯವಾಗಿ ಗಂಡಸರಲ್ಲಿ 0.7ರಿಂದ 1.3, ಹೆಂಗಸರಲ್ಲಿ 0.6ರಿಂದ 1.1 ಮಿಲಿಗ್ರಾಂ ಇರುವುದು.

ಆದರೆ ವಯಸ್ಸಾದವರಲ್ಲಿ ಮೈ ಸೊರಗಿ ಸ್ನಾಯು ಕಡಿಮೆಯಾಗಿರುವುದರಿಂದ ಕಲ್ಮಶ ಹುಟ್ಟುವುದೇ ಕಡಿಮೆ. ಮೂತ್ರಪಿಂಡ ಸೋತಿದ್ದರೂ ಅಂಕಿ ಸರಿಯಾಗಿರುವಂತೆ ಕಾಣಬಹುದು. ಅದಕ್ಕಾಗಿ ವಯಸ್ಸನ್ನೂ ಸೇರಿಸಿ ಲೆಕ್ಕಹಾಕಿದ ಇ-ಜಿಎಫ್‌ಆರ್ ಎಂಬ ಇನ್ನೊಂದು ಅಂಕಿಯನ್ನು ಕೊಡುತ್ತಾರೆ. ಅದು ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕಡಿಮೆಯಿದ್ದರೆ ಮೂತ್ರಪಿಂಡ ಸೋಲುತ್ತಿದೆ ಎಂದು ತಿಳಿಯಬೇಕು. ನಮ್ಮ ತಾತನವರ 1.6 ಎಂಬ ಅಂಕಿ ಈ ಲೆಕ್ಕದಲ್ಲಿ ಸುಮಾರು 44ಕ್ಕೆ ಬಂದಿತ್ತು.

ಇದಕ್ಕೂ ಮಾತ್ರೆಗೂ ಏನು ಸಂಬಂಧ? ಮಲ್ಲಾಘಟ್ಟ ಕೆರೆಯ ತೂಬನ್ನು ನೆನೆದುಕೊಳ್ಳಿ. ತೂಬಿನಲ್ಲಿ ಹೂಳು ತುಂಬಿದರೆ ಕೆರೆಯ ನೀರು ಇಳಿಯುವುದು ನಿಧಾನವಾಗುವುದು. ಹಾಗೆಯೇ ಮೂತ್ರಪಿಂಡ ಸೋತವರಲ್ಲಿ ಮಾತ್ರೆಯ ಕಸುವು ಬೇಗ ಹೊರಗೆ ಹೋಗದೆ ಮೈಯಲ್ಲಿ ನಿಲ್ಲುವುದು. ಒಂದು ಮಾತ್ರೆ ಎರಡರ ಕೆಲಸ ಮಾಡುವುದು. ಗ್ಲಿಬೆನ್‌ಕ್ಲಮೈಡ್ ಎಂಬ ಹಳೆಯ ಮಾತ್ರೆ ಹಿರಿಯರಿಗೆ ಈ ಕಾರಣದಿಂದಲೇ ಹೆಚ್ಚು ಅಪಾಯಕಾರಿ. ಗ್ಲಿಮೆಪಿರೈಡ್‌ನಿಂದಲೂ ಸಕ್ಕರೆ ಇಳಿಯಬಹುದು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ತೀರಾ ಇಳಿಯುವುದು ಅಪರೂಪ. ಆದರೆ ಇ-ಜಿಎಫ್‌ಆರ್ 45ಕ್ಕಿಂತ ಕೆಳಗೆ ಬಂದರೆ ವೈದ್ಯರು ಅದರ ಪ್ರಮಾಣವನ್ನು ಮತ್ತೆ ನೋಡುತ್ತಾರೆ, 30ಕ್ಕಿಂತ ಕೆಳಗೆ ನಿಲ್ಲಿಸುತ್ತಾರೆ. ಮಂಡಿನೋವು, ಸೊಂಟನೋವಿಗೆ ಅಂಗಡಿಯಲ್ಲಿ ಕೇಳಿ ತಂದು ನುಂಗುವ ನೋವಿನ ಮಾತ್ರೆಗಳು ಈ ತೂಬಿಗೆ ಮತ್ತಷ್ಟು ಹೂಳು ತುಂಬುವುವು.

ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್ ಪರೀಕ್ಷೆಯನ್ನೂ ಮಾಡಿಸಿರಿ. 30ಕ್ಕಿಂತ ಹೆಚ್ಚು ಬಂದು ಮತ್ತೆ ನೋಡಿದಾಗಲೂ ಹಾಗೆಯೇ ಇದ್ದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳತೊಡಗಿದೆ ಎಂದರ್ಥ. ಎಷ್ಟೋ ವೇಳೆ ಕ್ರಿಯಾಟಿನಿನ್ ಏರುವ ಮೊದಲೇ ಇದು ತಿಳಿಸಿಕೊಡುವುದು. ಆ ಹಂತದಲ್ಲಿ ಔಷಧ ಕೊಟ್ಟು ಕಾಯಿಲೆಯ ನಡಿಗೆಯನ್ನು ನಿಧಾನಿಸಬಹುದು.

5. ಪೊಟ್ಯಾಸಿಯಂ ಮತ್ತು ನಮ್ಮ ಎಳನೀರು

ತೆಂಗು ಪೊಟ್ಯಾಷನ್ನು ಬಹಳ ಬೇಡುವ ಮರ. ಫಲ ಕೊಡುವ ಒಂದು ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಶಿಫಾರಸು ಎಂದು ನಿಮಗೆ ಹೇಳುತ್ತಲೇ ಇರುತ್ತೇನೆ. ಎಳನೀರಿನಲ್ಲಿಯೂ ಪೊಟ್ಯಾಸಿಯಂ ಹೇರಳವಾಗಿದೆ. ಒಂದು ದೊಡ್ಡ ಲೋಟದಲ್ಲಿ 400ರಿಂದ 600 ಮಿಲಿಗ್ರಾಂನಷ್ಟು ಇರುವುದು. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಮೂತ್ರಪಿಂಡ ಸೋತವರಲ್ಲಿ ಹೆಚ್ಚಾದ ಪೊಟ್ಯಾಸಿಯಂ ಹೊರಗೆ ಹೋಗದೆ ರಕ್ತದಲ್ಲಿ ನಿಲ್ಲುವುದು. ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಅದು ಏರುವುದು. ಸಾಧಾರಣವಾಗಿ 3.5ರಿಂದ 5 ಇರಬೇಕಾದ ಈ ಅಂಕಿ ತೀರಾ ಏರಿದರೆ ಹೃದಯದ ಬಡಿತವೇ ತಪ್ಪುವುದು.

ನಮ್ಮ ಸೀಮೆಯಲ್ಲಿ ಸುಸ್ತಾದವರಿಗೆ ಮೊದಲು ಎಳನೀರು ಕೆತ್ತಿಕೊಡುವುದು ವಾಡಿಕೆ. ಪ್ರೀತಿಯಿಂದ ಕೊಡುವುದೇ ಸರಿ. ಆದರೂ ಕ್ರಿಯಾಟಿನಿನ್ ಏರಿರುವ ಹಿರಿಯರಿಗೆ ದಿನವೂ ಎಳನೀರು ಕೊಡುವ ಮೊದಲು ವೈದ್ಯರನ್ನು ಕೇಳಿರಿ.

6. ಕೊಬ್ಬಿನ ಅಂಕಿಗಳು ಮತ್ತು ಊಟ

ಸಕ್ಕರೆ ಕಾಯಿಲೆಯವರಿಗೆ ಹೃದಯಾಘಾತ, ಲಕ್ವಗಳ ಭಯ ಹೆಚ್ಚು. ಆದುದರಿಂದ ಎಲ್‌ಡಿಎಲ್ ಎಂಬ ಕೆಟ್ಟ ಕೊಬ್ಬು 100ಕ್ಕಿಂತ ಕಡಿಮೆ ಇರುವುದು ಒಳ್ಳೆಯದು. ಹೃದಯದ ತೊಂದರೆ ಇರುವವರಲ್ಲಿ ವೈದ್ಯರು ಇನ್ನೂ ಇಳಿಸುತ್ತಾರೆ. ಕೊಬ್ಬರಿಯಲ್ಲಿ ಸಕ್ಕರೆ ಕಡಿಮೆಯೇ. ಆದರೆ ಅದರ ಕೊಬ್ಬು ಎಲ್‌ಡಿಎಲ್ ಅನ್ನು ಏರಿಸುವ ಜಾತಿಯದು. ನಾವೇ ಬೆಳೆದದ್ದೆಂದು ಮಿತಿ ಮೀರಬಾರದು.

ಅನ್ನ ಬಿಟ್ಟು ಮುದ್ದೆ ಉಂಡರೆ ಸಕ್ಕರೆ ಏರುವುದಿಲ್ಲವೆಂಬ ನಂಬಿಕೆಯೂ ಇದೆ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ನಿಜ. ಆದರೆ 100 ಗ್ರಾಂ ರಾಗಿಯಲ್ಲಿಯೂ 65ರಿಂದ 72 ಗ್ರಾಂನಷ್ಟು ಪಿಷ್ಟವಿದೆ. ಪಿಷ್ಟವೆಲ್ಲ ಕೊನೆಗೆ ಸಕ್ಕರೆಯೇ. ಮುದ್ದೆ ಚಿಕ್ಕದಿರಲಿ, ಜೊತೆಗೆ ಸೊಪ್ಪು, ಅವರೆ, ಹುರುಳಿಯ ಸಾರು ಹೆಚ್ಚಿರಲಿ.

7. ಸಕ್ಕರೆ ಇಳಿದಾಗ ಮಾಡಬೇಕಾದುದು

ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಎಚ್ಚರ. 54ಕ್ಕಿಂತ ಕೆಳಗೆ ಹೋದರೆ ಅಪಾಯ. ನಡುಕ, ಬೆವರು, ಎದೆಬಡಿತ, ಹಸಿವು ಇದರ ಲಕ್ಷಣ. ವಯಸ್ಸಾದವರಲ್ಲಿ ಇವು ಕಾಣದೆ ಬರಿ ಮಂಕು, ತೊದಲು, ಕೋಪ, ತೂಗಾಡುವ ನಡಿಗೆ ಮಾತ್ರ ಕಾಣಬಹುದು. ಮನೆಯವರು ಅರಳುಮರಳು ಎಂದು ಸುಮ್ಮನಾಗುವುದುಂಟು. ಹಾಗೆ ಸುಮ್ಮನಾಗಬೇಡಿ.

ಎಚ್ಚರವಿದ್ದು ನುಂಗುವಂತಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. 15 ನಿಮಿಷ ಕಾದು ನೋಡಿ. ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಏನಾದರೂ ಉಣಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಕೂಡದು, ಉಸಿರುಗೊಳವೆಗೆ ಹೋಗುವುದು. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆಮಾಡಿ. ಮಾತ್ರೆಯಿಂದ ಇಳಿದ ಸಕ್ಕರೆ ಏರಿದಂತೆ ಕಂಡು ಕೆಲವು ಗಂಟೆಗಳ ಮೇಲೆ ಮತ್ತೆ ಇಳಿಯಬಹುದು. ಆದುದರಿಂದ ಸರಿಹೋಯಿತೆಂದು ಮನೆಯಲ್ಲಿಯೇ ಉಳಿಯದೆ ಆಸ್ಪತ್ರೆಗೆ ಒಯ್ಯಿರಿ.

ಇದಕ್ಕೆ ವಿರುದ್ಧವಾಗಿ ಸಕ್ಕರೆ 300 ದಾಟಿ, ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಮಂಪರು ಇದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಮನೆಯಲ್ಲಿ ಮಾತ್ರೆ ಹೆಚ್ಚಿಸಿ ಕಾಯುತ್ತ ಕೂರಬೇಡಿ.

8. ಒಂದು ಲೆಕ್ಕದ ಪುಸ್ತಕ ಇಡಿ

ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಎಷ್ಟು ಕ್ವಿಂಟಾಲ್ ಹೋಯಿತು, ಏನು ಧಾರಣೆ ಸಿಕ್ಕಿತು ಎಂಬುದನ್ನು ನೀವು ಬರೆದಿಡುತ್ತೀರಿ. ಹಾಗೆಯೇ ನಲವತ್ತು ಪುಟದ ಒಂದು ನೋಟುಪುಸ್ತಕವನ್ನು ಹಿರಿಯರ ಹೆಸರಿನಲ್ಲಿ ಇಡಿ. ತಾರೀಖು, ಬರಿ ಹೊಟ್ಟೆಯ ಸಕ್ಕರೆ, ಊಟದ ನಂತರದ ಸಕ್ಕರೆ, ಮೂರು ತಿಂಗಳ ಲೆಕ್ಕ, ಕ್ರಿಯಾಟಿನಿನ್, ಹಿಮೋಗ್ಲೋಬಿನ್, ತೂಕ, ರಕ್ತದೊತ್ತಡ, ಇವುಗಳನ್ನು ಸಾಲಾಗಿ ಬರೆಯಿರಿ. ಕೊನೆಯ ಅಂಕಣದಲ್ಲಿ "ಮದುವೆ ಊಟ", "ಜ್ವರ", "ಮಾತ್ರೆ ಮುಗಿದಿತ್ತು" ಎಂದು ಆ ದಿನದ ಸಂಗತಿಯನ್ನು ಸೇರಿಸಿ. ವೈದ್ಯರಿಗೆ ಒಂದು ಚೀಟಿಗಿಂತ ಇಂತಹ ಪುಸ್ತಕ ಹೆಚ್ಚು ತಿಳಿಸುವುದು. ಕ್ರಿಯಾಟಿನಿನ್ ಒಮ್ಮೆ 1.3 ಇದ್ದರೆ ಅಷ್ಟು ಚಿಂತೆಯಿಲ್ಲ, 1.0, 1.1, 1.3 ಎಂದು ಮೂರು ವರ್ಷದಲ್ಲಿ ಏರಿದ್ದರೆ ವಿಚಾರಿಸಬೇಕು.

ಮೂರು ತಿಂಗಳ ಲೆಕ್ಕವನ್ನು ಮೂರರಿಂದ ಆರು ತಿಂಗಳಿಗೊಮ್ಮೆ ಮಾಡಿಸಿರಿ. ಮೂತ್ರಪಿಂಡ, ಕೊಬ್ಬು, ಮೂತ್ರದ ಅಲ್ಬುಮಿನ್, ಕಣ್ಣಿನ ಒಳಪದರ, ಪಾದ, ಇವುಗಳ ಪರೀಕ್ಷೆ ವರ್ಷಕ್ಕೆ ಒಂದು ಸಲವಾದರೂ ಆಗಬೇಕು. ದುಂದುವೆಚ್ಚದ ಭಯ ಬೇಡ. ಈ ಕಾಯಿಲೆಗಳಿಗೆಂದೇ ರಾಷ್ಟ್ರೀಯ ಕಾರ್ಯಕ್ರಮವೊಂದು 2010ರಿಂದ ನಡೆದು ಬಂದಿದೆ. 30 ವರ್ಷ ದಾಟಿದವರನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ತಪಾಸಣೆ ಮಾಡುತ್ತಾರೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ಪರೀಕ್ಷೆ ಎಲ್ಲಿ ಆಗುವುದೆಂದು ತಿಳಿಸುವರು.

ನಮ್ಮ ತಾತನವರಿಗೆ ಈಗ 78. ವೈದ್ಯರು ಆ ಮಾತ್ರೆಯನ್ನು ನಿಲ್ಲಿಸಿ ಬೇರೆ ಬರೆದುಕೊಟ್ಟಿದ್ದಾರೆ. ಮೂರು ತಿಂಗಳ ಲೆಕ್ಕ ಹಿಂದಿನ ಸಲ 7.8 ಬಂತು. ನಾನು ಗಾಬರಿಯಾಗಲಿಲ್ಲ. ಪುಸ್ತಕವನ್ನು ಹಿಡಿದುಕೊಂಡು ಹೋಗಿ ತೋರಿಸಿದೆ. ವೈದ್ಯರು ನೋಡಿ ಇದೇ ಸರಿ ಎಂದರು. ತಾತನವರು ಬೆಳಿಗ್ಗೆ ತಿಂಡಿ ತಿಂದು, ಜೇಬಿನಲ್ಲಿ ಒಂದು ಸಕ್ಕರೆ ಪೊಟ್ಟಣ ಇಟ್ಟುಕೊಂಡು, ಬಿದ್ದ ಕಾಯಿ ಆರಿಸಲು ತೋಟಕ್ಕೆ ಹೋಗುತ್ತಾರೆ.

ನಿಮ್ಮ ಮನೆಯಲ್ಲಿಯೂ ಅಂತಹ ಒಂದು ಚೀಟಿ ದೇವರ ಪಟದ ಹಿಂದೆಯೋ ಗೋಡೆಯ ಮೊಳೆಗೆ ಸಿಕ್ಕಿಸಿದ ಚೀಲದಲ್ಲಿಯೋ ಇರಬಹುದು. ಈ ದಿನ ಅದನ್ನು ಹೊರಗೆ ತೆಗೆಯಿರಿ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿಸಿ ಕೇಳಿರಿ. ಅರ್ಥವಾಗದ ಸಾಲಿನ ಕೆಳಗೆ ಗೆರೆ ಎಳೆದು ವೈದ್ಯರ ಬಳಿಗೆ ಒಯ್ಯಿರಿ. ಮಾತ್ರೆಯ ಡಬ್ಬಿಗೆ ಮಾತ್ರ ನೀವಾಗಿ ಕೈ ಹಾಕಬೇಡಿರೆಂದು ನನ್ನ ವಿನಂತಿ.